ಮನೆಯಲ್ಲೇ ಹಾಡು, ಮಾತು ರೆಕಾರ್ಡ್ ಮಾಡಲು ಕಲಿಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯವನು. ಸ್ಟುಡಿಯೋ ಗಿಡಿಯೋ ಏನೂ ಇಲ್ಲ. ಮಹಡಿ ಮೇಲೆ ಒಂದು ರೂಮು, ಒಂದು ಹಳೇ ಲ್ಯಾಪ್‌ಟಾಪ್, ಎರಡು ಮೈಕ್, ಅಷ್ಟೇ. ಸಿರುಗುಪ್ಪ ಕಡೆಯ ಹಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮನ ಬೀಸುವ ಪದಗಳನ್ನು ಹಿಡಿದಿಡಬೇಕು ಅಂತ ಹೊರಟು ಈ ಕೆಲಸ ಕಲಿತೆ. ಮೊದಲ ಸಲ ಪೂರ್ತಿ ಕೆಡಿಸಿದೆ. ಆಮೇಲೆ ಭಜನೆ ಮಂಡಳಿಯವರು, ತತ್ವಪದ ಹಾಡುವವರು, ಯೂಟ್ಯೂಬ್‌ಗೆ ಕಥೆ ಓದುವವರು, ರಾಯಚೂರು–ಕೊಪ್ಪಳ ಕಡೆಯ ಮೇಷ್ಟ್ರುಗಳು ಫೋನ್ ಮಾಡಿ ಕೇಳತೊಡಗಿದರು. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ಆಡಾಸಿಟಿ. ಬೇರೆ ಯೋಚನೆ ಬೇಡ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2000ದಲ್ಲಿ ಜನರ ಕೈಗೆ ಬಂದ ಸಾಫ್ಟ್‌ವೇರ್ ಇದು. ಅವತ್ತಿನಿಂದ ಇವತ್ತಿನವರೆಗೂ ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಕೂಡ ಪುಕ್ಕಟೆಯಾಗಿ ಸಿಗುತ್ತದೆ, ಅದೂ ಒಳ್ಳೆಯದೇ.

ಡೌನ್‌ಲೋಡ್ ಮಾಡುವಾಗ ಆಡಾಸಿಟಿಟೀಮ್ ಡಾಟ್ ಆರ್ಗ್ ಅನ್ನುವ ಅವರದೇ ಜಾಗಕ್ಕೆ ಹೋಗಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಜಾಹೀರಾತಿನ ಕೊಂಡಿಗಳು ಬರುತ್ತವೆ. ಅವುಗಳಲ್ಲಿ ಕೆಲವು ಆಡಾಸಿಟಿ ಜೊತೆ ಬೇಡದ್ದನ್ನೂ ತುಂಬಿ ಕಳಿಸುತ್ತವೆ.

ದೊಡ್ಡ ಸ್ಟುಡಿಯೋದವರು ಬಳಸುವ ಸಾಫ್ಟ್‌ವೇರ್‌ನ ಕ್ರ್ಯಾಕ್ ಮಾಡಿದ ಕಳ್ಳ ಕಾಪಿ ಗೆಳೆಯನ ಹತ್ತಿರ ಇದೆ. ಹಾಕಿಕೊಳ್ಳಲಾ?

ಬೇಡ. ಸರಿ–ತಪ್ಪಿನ ಮಾತು ಒಂದು ಕಡೆ ಇರಲಿ. ನಾನೂ ಒಂದು ಅಂಗಡಿಯಲ್ಲಿ ಇನ್ನೂರು ರೂಪಾಯಿ ಕೊಟ್ಟು ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು ಬಂದಿದ್ದೆ. ಮೂರನೇ ದಿನಕ್ಕೆ ವೈರಸ್ ಹೊಕ್ಕು ಡಿ ಡ್ರೈವ್‌ನಲ್ಲಿದ್ದ ಫೈಲ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಎರಡು ಮದುವೆಯ ಸೋಬಾನೆ ಪದ ಅದರಲ್ಲೇ ಹೋದವು. ಇನ್ನೊಂದು ತೊಂದರೆ: ಅಂಥ ಸಾಫ್ಟ್‌ವೇರ್ ತೆರೆದರೆ ವಿಮಾನದ ಕಾಕ್‌ಪಿಟ್ ಥರ ಇರುತ್ತದೆ. ಹೊಸಬರು ಬಟನ್ ನೋಡಿಯೇ ಕೈ ಬಿಡುತ್ತಾರೆ.

ಲ್ಯಾಪ್‌ಟಾಪ್ ಎಂಥದ್ದು ಬೇಕು?

ಮನೆಯಲ್ಲಿ ಇರುವಂಥದ್ದು. 4 ಜಿಬಿ ರ್‍ಯಾಮ್ ಇದ್ದರೂ ಒಂದೆರಡು ಟ್ರ್ಯಾಕ್ (ಒಂದೊಂದು ರೆಕಾರ್ಡಿಂಗ್‌ನ ಸಾಲು) ಆರಾಮಾಗಿ ನಡೆಯುತ್ತದೆ. ಜಾಗ ಮಾತ್ರ ಖಾಲಿ ಇರಲಿ. ಆಡಾಸಿಟಿ ತಾನಾಗಿಯೇ ಇಟ್ಟುಕೊಂಡಿರುವ ಗುಣಮಟ್ಟದಲ್ಲಿ ಒಂದು ಮೋನೋ (ಎಡ–ಬಲ ಬೇರೆ ಇಲ್ಲದ, ಒಂದೇ ಸದ್ದಿನ) ಟ್ರ್ಯಾಕ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಒಂದು ತಾಸಿನ ಭಜನೆ ಅಂದರೆ 635 ಎಂಬಿ ಹತ್ತಿರ ಹೋಗುತ್ತದೆ.

ಫೋನ್‌ನಲ್ಲೇ ರೆಕಾರ್ಡ್ ಮಾಡಿದರೆ ಆಗಲ್ವಾ?

ಯಾಕಾಗಲ್ಲ? ಈಗಿನ ಫೋನ್ ಮೈಕ್ ಲ್ಯಾಪ್‌ಟಾಪ್‌ನ ಒಳಗಿನ ಮೈಕ್‌ಗಿಂತ ಬಹಳ ಸಲ ಚೆನ್ನಾಗಿರುತ್ತದೆ. ಸದ್ದನ್ನು ಹಿಂಡದೆ ಇದ್ದ ಹಾಗೇ ಇಡುವ ವೇವ್ ಫೈಲ್ ಕೊಡುವ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಡಿ, ಫೈಲನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ತಂದು ಆಡಾಸಿಟಿಯಲ್ಲಿ ಕತ್ತರಿಸಿ. ಹೊಲದಲ್ಲಿ, ಜಾತ್ರೆಯಲ್ಲಿ ನಾನೂ ಹಾಗೇ ಮಾಡುತ್ತೇನೆ.

ಮೈಕ್ ಯಾವುದು ತಗೊಳ್ಳಲಿ?

ಮೂರು ದಾರಿ ಇವೆ. ಒಂದು, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್. ಬೋಯಾ ಬಿವೈ-ಎಂ1 ಥರದ್ದು. ಅದರ ವೈರ್ 6 ಮೀಟರ್ ಉದ್ದ ಇರುತ್ತದೆ. ಮಾತಿಗೆ, ಕಥೆ ಓದಲಿಕ್ಕೆ ಸಾಕು. ಎರಡು, ಯುಎಸ್‌ಬಿ ಮೈಕ್. ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಆಯಿತು. ಒಬ್ಬರೇ ಹಾಡುವವರಿಗೆ ಇದೇ ಸಲೀಸು. ಮೂರು, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ಮತ್ತು ಅದರ ಸದ್ದನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ. ಹಾರ್ಮೋನಿಯಂಗೆ ಒಂದು, ದನಿಗೆ ಒಂದು ಮೈಕ್ ಬೇಕು ಅಂದರೆ ಈ ದಾರಿ ಹಿಡಿಯಬೇಕು.

ಮೂರನೇ ದಾರಿಯಲ್ಲಿ ಒಂದು ಮಾತು ನೆನಪಿಡಿ. ಈ ಮೈಕ್‌ಗಳಲ್ಲಿ ಕಂಡೆನ್ಸರ್, ಡೈನಮಿಕ್ ಅಂತ ಎರಡು ಬಗೆ. ಕಂಡೆನ್ಸರ್ ಮೈಕ್‌ಗೆ ಇಂಟರ್‌ಫೇಸ್‌ನಲ್ಲಿರುವ 48 ವೋಲ್ಟ್ ಬಟನ್ ಒತ್ತಬೇಕು, ಇಲ್ಲವಾದರೆ ಸತ್ತಂತೆ ಬಿದ್ದಿರುತ್ತದೆ. ಡೈನಮಿಕ್ ಮೈಕ್‌ಗೆ ಅದು ಬೇಡ. ನಮ್ಮ ಕಡೆಯ ಸದ್ದಿನ ಮನೆಗಳಿಗೆ ನಾನು ಡೈನಮಿಕ್ ಅನ್ನೇ ಹೇಳುವುದು. ಕಂಡೆನ್ಸರ್ ಬಹಳ ಸೂಕ್ಷ್ಮ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತಲೂ ಎಣಿಸಿಕೊಡುತ್ತದೆ.

ಮೈಕ್ ಹಾಕಿದ್ದೇನೆ, ರೆಕಾರ್ಡ್ ಒತ್ತಿದ್ದೇನೆ, ಪರದೆ ಮೇಲಿನ ಸದ್ದಿನ ಗೆರೆ ಮಾತ್ರ ಅಲುಗಾಡುತ್ತಲೇ ಇಲ್ಲ.

ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಮೈಕ್ರೋಫೋನ್ ತೆರೆಯಿರಿ. ಅಲ್ಲಿ ಅನುಮತಿ ಆಫ್ ಇದ್ದರೆ ನೀವು ಕಿರುಚಿದರೂ ಗೆರೆ ನೆಟ್ಟಗೇ ಹೋಗುತ್ತದೆ. ಆಮೇಲೆ ಆಡಾಸಿಟಿಯ ಆಡಿಯೋ ಸೆಟಪ್ ಬಟನ್ ಒತ್ತಿ, ರೆಕಾರ್ಡಿಂಗ್ ಡಿವೈಸ್‌ನಲ್ಲಿ ನಿಮ್ಮ ಮೈಕ್‌ನ ಹೆಸರೇ ಇದೆಯಾ ನೋಡಿ. ಎಷ್ಟೋ ಸಲ ಅದು ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ಹಿಡಿದು ಕೂತಿರುತ್ತದೆ. ಗೊತ್ತಾಗಲಿಲ್ಲವಾ? ಮೈಕ್ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿ, ಆಮೇಲೆ ಲ್ಯಾಪ್‌ಟಾಪ್ ಮೇಲೆ ಗೀರಿ. ಯಾವುದಕ್ಕೆ ಗೆರೆ ಎದ್ದಿತೋ ಅದೇ ಮೈಕ್ ಕೇಳುತ್ತಿದೆ.

ಹೆಡ್‌ಫೋನ್‌ಗೂ ಮೈಕ್‌ಗೂ ಒಂದೇ ತೂತು ಇರುವ ಲ್ಯಾಪ್‌ಟಾಪ್ ಆದರೆ ಪಿನ್ ಮೇಲಿನ ಕಪ್ಪು ಉಂಗುರ ಎಣಿಸಿ. ಮೂರು ಉಂಗುರ ಬೇಕು. ಎರಡೇ ಇದ್ದರೆ ನಡುವೆ ಒಂದು ಚಿಕ್ಕ ಅಡಾಪ್ಟರ್ ಹಾಕಬೇಕು.

ಮೊದಲ ದಿನ ಎಷ್ಟು ಬಟನ್ ಕಲಿತರೆ ಸಾಕು?

ಆರ್ ಒತ್ತಿದರೆ ರೆಕಾರ್ಡ್. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಕೇಳಿಸುತ್ತದೆ. ಮೌಸ್‌ನಿಂದ ಎಳೆದು ಆರಿಸಿ ಡಿಲೀಟ್ ಒತ್ತಿದರೆ ಆ ತುಂಡು ಹೋಗುತ್ತದೆ. ತಪ್ಪಾದರೆ ಕಂಟ್ರೋಲ್ ಜೆಡ್. ಉಳಿಸಲು ಕಂಟ್ರೋಲ್ ಎಸ್. ಇಷ್ಟರಲ್ಲೇ ಒಂದು ವಾರ ಕಳೆಯಿರಿ. ಎಫೆಕ್ಟ್ ಮೆನು ಕಡೆ ಕಣ್ಣು ಹಾಯಿಸಲೇಬೇಡಿ. ನನ್ನ ಹತ್ತಿರ ಕಲಿಯಲು ಬಂದ ಹುಡುಗರೆಲ್ಲ ಮೊದಲ ದಿನವೇ ತಮ್ಮ ದನಿಗೆ ಎಕೋ ಹಾಕಿ ನಗುತ್ತಾ ಕೂರುತ್ತಾರೆ. ಒಂದು ತಾಸು ಅದರಲ್ಲೇ ಹೋಗುತ್ತದೆ. ನಗಲಿ ಬಿಡಿ.

ಒಂದು ಸಣ್ಣ ಕೊಕ್ಕೆ ಇದೆ. ಆರ್ ಒತ್ತಿದರೆ ಇರುವ ಟ್ರ್ಯಾಕ್‌ನ ಬಾಲಕ್ಕೇ ಹೊಸದು ಅಂಟಿಕೊಳ್ಳುತ್ತದೆ. ಬೇರೆ ಟ್ರ್ಯಾಕ್ ಬೇಕಾದರೆ ಶಿಫ್ಟ್ ಜೊತೆ ಆರ್ ಒತ್ತಬೇಕು.

ಮುದಗಲ್‌ ಮೊಹರಂನಲ್ಲಿ ಹಲಗೆ ಸದ್ದು ರೆಕಾರ್ಡ್ ಮಾಡಿದೆ. ಕೇಳಿದರೆ ಪರಪರ ಹರಿದಂತಿದೆ. ವಾಲ್ಯೂಮ್ ಇಳಿಸಿದರೂ ಹೋಗುತ್ತಿಲ್ಲ.

ಹೋಗಲ್ಲ. ಸೇರಿನಲ್ಲಿ ಒಂದು ಸೇರು ಜೋಳ ಮಾತ್ರ ಹಿಡಿಯುತ್ತದೆ. ಮೇಲೆ ಸುರಿದದ್ದು ನೆಲಕ್ಕೆ ಬೀಳುತ್ತದೆ. ಆಮೇಲೆ ಸೇರನ್ನು ಎಷ್ಟು ಬಗ್ಗಿಸಿದರೂ ಚೆಲ್ಲಿದ್ದು ಒಳಗೆ ಬರಲ್ಲ. ಆಡಾಸಿಟಿಯ ಮೀಟರ್‌ನಲ್ಲಿ 0 ಡೆಸಿಬಲ್ ಅನ್ನುವುದು ಸೇರಿನ ಬಾಯಿ. ಅದನ್ನು ಮುಟ್ಟಿದ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು.

ಅದಕ್ಕೇ ರೆಕಾರ್ಡ್ ಮಾಡುವಾಗ ಅತಿ ಜೋರಿನ ಜಾಗದಲ್ಲೂ ಮೀಟರ್ -12ರಿಂದ -6ರ ನಡುವೆ ಇರಲಿ. ಶುರು ಮಾಡುವ ಮುಂಚೆ ಹಾಡುವವರಿಗೆ 'ಒಂದು ಸಲ ಪಲ್ಲವಿ ಎತ್ತಿ ಹಾಡಿ' ಅನ್ನಿ. 'ಹಲೋ ಮೈಕ್ ಟೆಸ್ಟಿಂಗ್' ಅನ್ನಿಸಿ ಲೆವೆಲ್ ಇಡಬೇಡಿ. ಹಲೋ ಅನ್ನುವ ದನಿಯೇ ಬೇರೆ, ತಾರಕಕ್ಕೆ ಏರಿದಾಗಿನ ದನಿಯೇ ಬೇರೆ. ಹಲಗೆಗಾದರೆ ಲೆವೆಲ್ ಇಳಿಸುವುದರ ಜೊತೆಗೆ ಎರಡು ಮೂರು ಮೀಟರ್ ದೂರ ನಿಲ್ಲಿ. ದೂರ ಎರಡು ಪಟ್ಟಾದರೆ, ಬಯಲಲ್ಲಿ, ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ.

'ಆಡಾಸಿಟಿಯಲ್ಲಿ 32 ಬಿಟ್ ಫ್ಲೋಟ್ ಇದೆ, ಅದರಲ್ಲಿ ಕ್ಲಿಪ್ ಆಗಲ್ಲ' ಅಂತ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. 32 ಬಿಟ್ ಫ್ಲೋಟ್ ಅಂದರೆ ಸಾಫ್ಟ್‌ವೇರ್ ಸದ್ದನ್ನು ಬರೆದಿಡುವ ಒಂದು ಬಗೆ, ಅದು ಸದ್ದು ಒಳಗೆ ಬಂದ ಮೇಲಿನ ಮಾತು. ನಿಮ್ಮ ಮೈಕ್ ಅಥವಾ ಇಂಟರ್‌ಫೇಸ್ ಬಾಗಿಲಲ್ಲೇ ಹರಿದು ಕಳಿಸಿದರೆ ಸಾಫ್ಟ್‌ವೇರ್ ಏನು ಮಾಡೀತು?

ಫ್ಯಾನ್ ಆಫ್ ಮಾಡಲೇಬೇಕಾ? ಇಲ್ಲಿ ಏಪ್ರಿಲ್‌ನಲ್ಲಿ ಹೇಗೆ?

ಇದೇ ಈ ಕಡೆಯವರ ಮೊದಲ ಪ್ರಶ್ನೆ, ಕೊನೆಯ ಪ್ರಶ್ನೆ ಎರಡೂ. ಬಳ್ಳಾರಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ಯಾನ್ ಆಫ್ ಮಾಡಿ ಹಾಡು ಅನ್ನುವುದು ಶಿಕ್ಷೆಯೇ. ಆದರೂ ಆಫ್ ಮಾಡಬೇಕು.

ನಮ್ಮ ದೊಡ್ಡಮ್ಮನ ಮೊದಲ ರೆಕಾರ್ಡಿಂಗ್ ಕೆಟ್ಟದ್ದು ಇದರಿಂದಲೇ. ಮೇ ತಿಂಗಳ ಮಧ್ಯಾಹ್ನ, ತಲೆ ಮೇಲೆ ಫ್ಯಾನ್, ಮೂಲೆಯಲ್ಲಿ ಕೂಲರ್. ಅಲ್ಲಿ ಕೂತಾಗ ಆ ಸದ್ದು ನನ್ನ ಕಿವಿಗೇ ಬಿದ್ದಿರಲಿಲ್ಲ. ನಮ್ಮ ಕಿವಿ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ, ಮೈಕ್‌ಗೆ ಆ ವಿದ್ಯೆ ಇಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ದೊಡ್ಡಮ್ಮ ಮಳೆಯಲ್ಲಿ ಕೂತು ಹಾಡಿದಂತಿತ್ತು.

ಈಗ ನಾನು ಮಾಡುವುದು ಹೀಗೆ. ಹತ್ತು ನಿಮಿಷ ಫ್ಯಾನ್ ಜೋರಾಗಿ ಹಾಕಿ ರೂಮು ತಂಪು ಮಾಡುತ್ತೇನೆ. ಆಫ್ ಮಾಡಿ, ರೆಕ್ಕೆ ಪೂರ್ತಿ ನಿಂತ ಮೇಲೆ ಒಂದು ಪದ. ಮತ್ತೆ ಫ್ಯಾನ್, ಒಂದು ಲೋಟ ಮಜ್ಜಿಗೆ, ಮತ್ತೊಂದು ಪದ. ಲ್ಯಾಪ್‌ಟಾಪ್‌ನೊಳಗೂ ಒಂದು ಫ್ಯಾನ್ ಇದೆ, ಸೆಕೆಗೆ ಅದೂ ಕೂಗುತ್ತದೆ. ಅದನ್ನು ವೈರ್ ಎಷ್ಟು ಉದ್ದ ಇದೆಯೋ ಅಷ್ಟು ದೂರ, ಸಾಧ್ಯವಾದರೆ ಬಾಗಿಲಾಚೆ ಇಡಿ.

ಹೊತ್ತು ಯಾವುದು ಅಂತ ಕೇಳಿದರೆ, ರಾತ್ರಿ ಹನ್ನೊಂದರ ಮೇಲೆ. ಬೆಳಿಗ್ಗೆ ಐದು ಗಂಟೆ ಚೆಂದ ಅಂತ ಅನ್ನಿಸುತ್ತದೆ, ಆದರೆ ಆಗಲೇ ಮಸೀದಿಯ ಆಜಾನ್, ಗುಡಿಯ ಸುಪ್ರಭಾತ, ನೀರು ಬಿಟ್ಟರೆ ಓಣಿಯ ಕೊಡಗಳ ಸದ್ದು ಎಲ್ಲಾ ಶುರು. ರಾತ್ರಿಯೂ ಪೂರ್ತಿ ನಂಬುವ ಹಾಗಿಲ್ಲ. ಒಂದು ಸಲ ಎಲ್ಲಾ ಆಫ್ ಮಾಡಿದರೂ ಹೆಡ್‌ಫೋನ್‌ನಲ್ಲಿ ಗುರ್ರ್... ನಿಲ್ಲುತ್ತದೆ, ಮತ್ತೆ ಗುರ್ರ್... ಎರಡು ದಿನ ಮೈಕ್ ಕೆಟ್ಟಿದೆ ಅಂತಲೇ ತಿಳಿದಿದ್ದೆ. ಕೊನೆಗೆ ಮಹಡಿಯಿಂದ ಬಗ್ಗಿ ನೋಡಿದರೆ ಮೂರು ಮನೆ ಆಚೆ ಜೀನ್ಸ್ ಹೊಲಿಯುವ ಮಷಿನ್. ಆರ್ಡರ್ ಜಾಸ್ತಿ ಇದ್ದಾಗ ಅವರು ರಾತ್ರಿಯೂ ಹೊಲಿಯುತ್ತಾರೆ. ಬಳ್ಳಾರಿಯಲ್ಲಿ ಇದಕ್ಕೆ ಯಾವ ಪ್ಲಗಿನ್ನೂ ಇಲ್ಲ. ಈಗ ರೆಕಾರ್ಡಿಂಗ್ ಇದ್ದ ದಿನ ಮೊದಲು ಅವರನ್ನೇ ಕೇಳಿ ಬರುತ್ತೇನೆ.

ದನಿ ಗವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲಾ?

ಮೊಟ್ಟೆ ಟ್ರೇಯಿಂದ ಹೊರಗಿನ ಸದ್ದು ನಿಲ್ಲಲ್ಲ, ಒಳಗಿನ ಗುಂಯ್ ಕೂಡ ಹೇಳಿಕೊಳ್ಳುವಷ್ಟು ಕಮ್ಮಿ ಆಗಲ್ಲ. ಜಿರಳೆ ಮಾತ್ರ ಬರುತ್ತದೆ.

ರೂಮಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟಣ್ ಅಂತ ಬಾಲ ಉಳಿದರೆ ಅದೇ ನಿಮ್ಮ ಹಾಡಿಗೂ ಅಂಟುತ್ತದೆ. ಕಡಪಾ ಕಲ್ಲು ಇಲ್ಲವೇ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಆರ್‌ಸಿಸಿ ಚಾವಣಿ ಮೂರೂ ಸದ್ದನ್ನು ಚೆಂಡಿನಂತೆ ವಾಪಸ್ ಎಸೆಯುತ್ತವೆ. ಅದಕ್ಕೆ ಮದ್ದು ಮನೆಯಲ್ಲೇ ಇದೆ: ಕೌದಿ. ಹಳೇ ಸೀರೆ, ಧೋತರ ಪದರಪದರವಾಗಿ ಸೇರಿಸಿ ಹೊಲಿದ ದಪ್ಪ ಕೌದಿಗಿಂತ ಒಳ್ಳೆಯದನ್ನು ನಾನು ದುಡ್ಡು ಕೊಟ್ಟೂ ತರಲಿಲ್ಲ. ಹಗ್ಗ ಕಟ್ಟಿ ಹಾಡುವವರ ಬೆನ್ನ ಹಿಂದೆ ಒಂದು, ಪಕ್ಕಕ್ಕೆ ಒಂದು ಇಳಿಬಿಡಿ. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದೆ ಬಿಟ್ಟರೆ ಇನ್ನೂ ಚೆನ್ನ. ನೆಲಕ್ಕೆ ಗಾದಿ ಹಾಸಿ. ಬೆನ್ನ ಹಿಂದೆ ಯಾಕೆ ಅಂದರೆ, ಮೈಕ್ ಮೂತಿ ಆ ಕಡೆಗೇ ಇರುತ್ತದೆ. ಅದು ಹಾಡುವವರ ಜೊತೆ ಹಿಂದಿನ ಗೋಡೆಯನ್ನೂ ಕೇಳುತ್ತದೆ.

ಹಳ್ಳಿಯಲ್ಲಿ ದಪ್ಪ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ ಉಳಿದಿದ್ದರೆ ನೀವು ಪುಣ್ಯವಂತರು. ದೊಡ್ಡಮ್ಮನ ಎರಡನೇ ರೆಕಾರ್ಡಿಂಗ್ ಅವರ ಹಳೇ ಮನೆಯ ಕಾಳಿನ ಕೋಣೆಯಲ್ಲಿ ಆಯಿತು. ಸುತ್ತ ಜೋಳದ ಚೀಲ. ಚಪ್ಪಾಳೆ ಹೊಡೆದರೆ ಪಟ್ ಅಂತ ಅಲ್ಲೇ ಸತ್ತುಹೋಗುತ್ತಿತ್ತು.

ಮೈಕ್ ಬಾಯಿಂದ ಎಷ್ಟು ದೂರ?

ಮಾತಿಗೆ ಚೋಟು, ಹಾಡಿಗೆ ಗೇಣು. ಮೈಕನ್ನು ಬಾಯಿಗೆ ನೇರ ಹಿಡಿಯದೆ ಕೆನ್ನೆಯ ಕಡೆಯಿಂದ ಸ್ವಲ್ಪ ಓರೆಯಾಗಿ ಇಡಿ. ಇಲ್ಲದಿದ್ದರೆ ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಮೈಕ್‌ಗೆ ಗುದ್ದಿ ಢಬ್ ಅನ್ನುತ್ತದೆ. 'ಭಕ್ತಿ' 'ಫಲ' ಇರುವ ಸಾಲನ್ನೇ ಹಾಡಿ ಪರೀಕ್ಷೆ ಮಾಡಿ. ಕಸೂತಿ ಹಾಕುವ ರಿಂಗ್‌ಗೆ ತೆಳು ನೈಲಾನ್ ಬಟ್ಟೆ ಬಿಗಿದು ನಡುವೆ ನಿಲ್ಲಿಸಿದರೆ ಪಾಪ್ ಫಿಲ್ಟರ್ ಆಯಿತು.

ಹಿಂದೆ ಸಣ್ಣಗೆ 'ಗುಂ' ಅಂತ ಒಂದೇ ಸಮ ಸದ್ದು. ಫ್ಯಾನ್ ಇಲ್ಲ, ಏನಿಲ್ಲ.

ಕರೆಂಟಿನ ಸದ್ದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ. ಅದೇ 50 ಹರ್ಟ್ಜ್, ಅದರ ಮರಿ 100, 150 ಹರ್ಟ್ಜ್ ನಿಮ್ಮ ವೈರ್‌ಗೆ ನುಗ್ಗುತ್ತವೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮನೆಯ ಅರ್ಥಿಂಗ್ ನೋಡಿಸಿ, ಮೈಕ್ ವೈರ್ ಮತ್ತು ಕರೆಂಟ್ ವೈರ್ ಒಟ್ಟಿಗೆ ಸುತ್ತಿಕೊಳ್ಳದಂತೆ ಬೇರೆ ಮಾಡಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಮನೆ ನಡೆಯುವಾಗ ಫ್ಯಾನ್, ಟ್ಯೂಬ್‌ಲೈಟ್ ಕೂಡ ಜೇನುಹುಳದಂತೆ ಗುನುಗುತ್ತವೆ. ಆಗ ರೆಕಾರ್ಡಿಂಗ್ ಬಿಟ್ಟು ಎಡಿಟಿಂಗ್ ಮಾಡಿ.

ನನ್ನ ದನಿ ಬರುತ್ತದೆ, ಶ್ರುತಿ ಪೆಟ್ಟಿಗೆ ಸದ್ದು ಮಾತ್ರ ಮೂರು ಸೆಕೆಂಡಿಗೆ ಮಾಯ ಆಗುತ್ತದೆ!

ಇದನ್ನು ಗಂಗಾವತಿಯಿಂದ ಒಬ್ಬರು ಕೇಳಿದಾಗ ನನಗೂ ತಲೆ ಕೆಟ್ಟಿತ್ತು. ಶ್ರುತಿ ಪೆಟ್ಟಿಗೆ ಬದಲಿಸಿದರು, ಮೈಕ್ ಬದಲಿಸಿದರು, ಆದರೂ ಅದೇ. ಕಾರಣ ಲ್ಯಾಪ್‌ಟಾಪ್‌ನ ಜಾಣತನ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೀಟಿಂಗ್‌ಗೆ ಅಂತ ಗದ್ದಲ ತೆಗೆಯುವ ವ್ಯವಸ್ಥೆ ಮೊದಲೇ ಆನ್ ಇರುತ್ತದೆ. ಏರಿಳಿತ ಇಲ್ಲದೆ ಒಂದೇ ಸಮ ಬರುವುದೆಲ್ಲ ಅದಕ್ಕೆ ಗದ್ದಲವೇ. ಶ್ರುತಿ, ತಂಬೂರಿ, ಎಳೆದು ಹಿಡಿದ ಹಾರ್ಮೋನಿಯಂ ಸ್ವರ ಎಲ್ಲಾ ಅದಕ್ಕೆ ಫ್ಯಾನ್ ಇದ್ದಂತೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಆರಿಸಿ, ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯದೇ ಬೇರೆ ಆಡಿಯೋ ಆ್ಯಪ್ ಇದ್ದರೆ ಅದರಲ್ಲೂ ಆಫ್ ಮಾಡಿ.

ಆಡಾಸಿಟಿಯ ನಾಯ್ಸ್ ರಿಡಕ್ಷನ್ ಹೇಗೆ ಬಳಸುವುದು?

ಹಾಡುವ ಮುಂಚೆ ಹತ್ತು ಸೆಕೆಂಡ್ ಎಲ್ಲರೂ ಸುಮ್ನೆ ಕೂತು ಖಾಲಿ ರೂಮನ್ನು ರೆಕಾರ್ಡ್ ಮಾಡಿಕೊಳ್ಳಿ. ಶ್ರುತಿ ಕೂಡ ಆಫ್ ಇರಲಿ, ಇಲ್ಲವಾದರೆ ಅದನ್ನೂ ಗದ್ದಲಕ್ಕೆ ಸೇರಿಸಿಬಿಡುತ್ತದೆ. ಆ ಖಾಲಿ ತುಂಡು ಆರಿಸಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಆಮೇಲೆ ಪೂರ್ತಿ ಟ್ರ್ಯಾಕ್ ಆರಿಸಿ ಅದೇ ಎಫೆಕ್ಟ್ ಮತ್ತೆ ತೆರೆದು ಓಕೆ ಕೊಡಿ. 6ರಿಂದ 12 ಡೆಸಿಬಲ್ ಸಾಕು. 24, 30 ಅಂತ ಏರಿಸಿದರೆ ಗದ್ದಲದ ಜೊತೆ ದನಿಯ ಜೀವವೂ ಹೋಗಿ, ನೀರಿನ ತೊಟ್ಟಿಯೊಳಗಿಂದ ಮಾತಾಡಿದಂತೆ ಬುಳುಬುಳು ಅನ್ನುತ್ತದೆ. ನಾನು ದೊಡ್ಡಮ್ಮನ ಮೊದಲ ರೆಕಾರ್ಡಿಂಗ್‌ಗೆ ಮಾಡಿದ್ದೇ ಅದು. ಕೂಲರ್ ಹೋಯಿತು. ದೊಡ್ಡಮ್ಮನೂ ಹೋದಳು.

ಹಾರ್ಮೋನಿಯಂ ಮೊದಲು ರೆಕಾರ್ಡ್ ಮಾಡಿ, ಅದನ್ನು ಕೇಳುತ್ತಾ ಹಾಡಿದೆ. ಪ್ಲೇ ಮಾಡಿದರೆ ಹಾಡು ತಾಳಕ್ಕೆ ಸೇರುತ್ತಿಲ್ಲ.

ನಿಮ್ಮ ತಪ್ಪಲ್ಲ. ಸದ್ದು ಕಂಪ್ಯೂಟರ್‌ನಿಂದ ಹೆಡ್‌ಫೋನ್‌ಗೆ ಹೋಗಿ, ನೀವು ಹಾಡಿ, ಅದು ಮತ್ತೆ ಒಳಗೆ ಬರುವಷ್ಟರಲ್ಲಿ ಒಂದಿಷ್ಟು ಮಿಲಿಸೆಕೆಂಡ್ ಕಳೆದಿರುತ್ತದೆ. ಆಡಾಸಿಟಿ ಒಂದು ಅಂದಾಜಿನಲ್ಲಿ ಹೊಸ ಟ್ರ್ಯಾಕನ್ನು 130 ಮಿಲಿಸೆಕೆಂಡ್ ಹಿಂದಕ್ಕೆ ಎಳೆದು ಕೂಡಿಸುತ್ತದೆ. ಆ ಅಂದಾಜು ನಿಮ್ಮ ಲ್ಯಾಪ್‌ಟಾಪ್‌ಗೆ ಸರಿ ಹೊಂದಬೇಕು ಅಂತೇನಿಲ್ಲ.

ಒಂದು ಸಲ ಅಳೆದು ಬಿಡಿ. ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಹಾಕಿ. ಹೆಡ್‌ಫೋನ್‌ನ ಒಂದು ಕಿವಿಯನ್ನು ಮೈಕ್‌ಗೆ ಒತ್ತಿ ಹಿಡಿದು ಶಿಫ್ಟ್ ಆರ್ ಒತ್ತಿ. ಈಗ ಮೇಲೆ ಕೆಳಗೆ ಎರಡು ಟ್ರ್ಯಾಕ್‌ನಲ್ಲೂ ಅದೇ ಟಕ್ ಟಕ್ ಇದೆ. ಹಿಗ್ಗಿಸಿ ನೋಡಿ. ಕೆಳಗಿನದು 40 ಮಿಲಿಸೆಕೆಂಡ್ ತಡ ಇದೆ ಅಂದುಕೊಳ್ಳಿ. ಪ್ರಿಫರೆನ್ಸಸ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಲೇಟೆನ್ಸಿ ಕಾಂಪನ್ಸೇಶನ್ ಅನ್ನುವಲ್ಲಿ -130 ತೆಗೆದು -170 ಬರೆಯಿರಿ. ಮುಗಿಯಿತು. ಮೈಕ್ ಅಥವಾ ಇಂಟರ್‌ಫೇಸ್ ಬದಲಿಸಿದರೆ ಮಾತ್ರ ಮತ್ತೆ ಅಳೆಯಿರಿ.

ಈ ಕೆಲಸಕ್ಕೆ ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದು ತಾನೇ ಬಹಳ ತಡ ಮಾಡುತ್ತದೆ. ಅದರ ಮೈಕ್ ಆನ್ ಆದರಂತೂ ಕೇಳುವ ಸದ್ದು ಹಳೇ ಟೆಲಿಫೋನ್ ಥರ ಆಗುತ್ತದೆ. ಕಿವಿ ಪೂರ್ತಿ ಮುಚ್ಚುವ ವೈರ್ ಹೆಡ್‌ಫೋನ್ ತಗೊಳ್ಳಿ. ಸ್ಪೀಕರ್‌ನಲ್ಲಿ ಕೇಳುತ್ತಾ ಹಾಡಿದರೆ ಹಾರ್ಮೋನಿಯಂ ನಿಮ್ಮ ದನಿಯ ಟ್ರ್ಯಾಕ್‌ಗೂ ಬಂದು ಕೂರುತ್ತದೆ, ಆಮೇಲೆ ಬೇರೆ ಮಾಡಲು ಆಗಲ್ಲ.

ರಿದಮ್ ಟ್ರ್ಯಾಕ್‌ನಲ್ಲಿ ನಮ್ಮ ತಾಳ ಇದೆಯಾ?

ಹೆಸರು ಇಲ್ಲ, ಎಣಿಕೆ ಇದೆ. ಒಂದು ಬಾರ್‌ಗೆ ಎಷ್ಟು ಬೀಟ್ ಅಂತ ಕೇಳುತ್ತದೆ. ದಾದ್ರಾಕ್ಕೆ 6, ಹಿಂದೂಸ್ತಾನಿ ರೂಪಕಕ್ಕೂ ಕರ್ನಾಟಕ ಸಂಗೀತದ ಮಿಶ್ರಛಾಪುವಿಗೂ 7, ಕೆಹರ್ವಾಕ್ಕೆ 8, ಝಪ್‌ತಾಲ್‌ಗೆ 10 ಕೊಡಿ. ಮೊದಲ ಏಟು ಮಾತ್ರ ಬೇರೆ ದನಿಯಲ್ಲಿ ಬರುತ್ತದೆ, ಸಮ್ ಹಿಡಿಯಲು ಅಷ್ಟು ಸಾಕು.

ತತ್ವಪದಕ್ಕೆ, ಬೀಸುವ ಪದಕ್ಕೆ ಮಾತ್ರ ಇದನ್ನು ಹಾಕಬೇಡಿ. ಏಕತಾರಿ ಹಿಡಿದವರು ಅರ್ಥ ಹೇಳುವ ಸಾಲಿನಲ್ಲಿ ನಿಧಾನ ಮಾಡುತ್ತಾರೆ, ಪಲ್ಲವಿಗೆ ಬಂದಾಗ ಓಡುತ್ತಾರೆ. ಕಿವಿಯಲ್ಲಿ ಟಕ್ ಟಕ್ ಹಾಕಿದರೆ ಪರೀಕ್ಷೆಗೆ ಕೂತ ಹುಡುಗರ ಥರ ಹಾಡುತ್ತಾರೆ.

ದನಿ ರೇಡಿಯೋದಲ್ಲಿ ಬಂದಂತೆ ಬರಬೇಕು. ಯಾವ ಎಫೆಕ್ಟ್?

ರಾಯಚೂರು, ಹೊಸಪೇಟೆ ಆಕಾಶವಾಣಿ ಕೇಳಿ ಬೆಳೆದವರೆಲ್ಲ ಇದನ್ನು ಕೇಳುತ್ತಾರೆ. ಆ ದನಿಯಲ್ಲಿ ಮುಕ್ಕಾಲು ಪಾಲು ಒಳ್ಳೆಯ ರೂಮು ಮತ್ತು ಓದುವವರ ಅಭ್ಯಾಸ. ಉಳಿದ ಕಾಲು ಪಾಲಿಗೆ ಮೂರು ಎಫೆಕ್ಟ್ ಸಾಕು. ಮೊದಲು ಹೈ ಪಾಸ್ ಫಿಲ್ಟರ್, 80 ಹರ್ಟ್ಜ್. ಟೇಬಲ್ ತಾಗಿದ, ಲಾರಿ ಹೋದ ಗುಡುಗುಡು ಇಳಿಯುತ್ತದೆ. ಆಮೇಲೆ ಕಂಪ್ರೆಸರ್, ಅದರ ರೇಶಿಯೋ 2:1 ಅಥವಾ 3:1. ಜೋರಿನ ಜಾಗವನ್ನು ತುಸು ತಗ್ಗಿಸಿ ಮೆಲುದನಿಯ ಹತ್ತಿರ ತರುತ್ತದೆ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ -16 ಎಲ್‌ಯುಎಫ್‌ಎಸ್ (ಕಿವಿಗೆ ಒಟ್ಟು ಎಷ್ಟು ಜೋರು ಅಂತ ಅಳೆಯುವ ಲೆಕ್ಕ). ಯೂಟ್ಯೂಬ್ -14ಕ್ಕಿಂತ ಜೋರು ಇದ್ದುದನ್ನು ತಾನೇ ಇಳಿಸುತ್ತದೆ. ಹಾಗಾಗಿ ಕಿವಿ ಹರಿಯುವಷ್ಟು ಏರಿಸಿ ಹಾಕಿದರೆ ನಿಮಗೇನೂ ಲಾಭ ಇಲ್ಲ.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯಬೇಕು ಅನ್ನುವುದು) 44,100 ಇಡಲಾ, 48,000 ಇಡಲಾ?

ಬರೀ ಹಾಡಿಗೆ 44,100, ವಿಡಿಯೋ ಜೊತೆ ಸೇರಿಸುವುದಾದರೆ 48,000. ಕಿವಿಗೆ ವ್ಯತ್ಯಾಸ ತಿಳಿಯಲ್ಲ. ಇದರ ಮೇಲೆ ಜಗಳಕ್ಕೆ ಬರುವವರಿಗೆ ಚಹಾ ಕುಡಿಸಿ ಕಳಿಸಿ.

ಹಾಡಿನ ಫೈಲ್ ವಾಟ್ಸಾಪ್‌ನಲ್ಲಿ ಕಳಿಸಿದೆ. ಯಾರಿಗೂ ಓಪನ್ ಆಗುತ್ತಿಲ್ಲ.

ನೀವು ಕಳಿಸಿದ್ದು ಎಯುಪಿ3. ಅದು ಆಡಾಸಿಟಿಯ ಅಡುಗೆಮನೆ, ಬಡಿಸಿದ ಊಟ ಅಲ್ಲ. ಕಂಟ್ರೋಲ್ ಎಸ್ ಒತ್ತಿದರೆ ಸಿಗುವುದು ಅದೇ. ಬೇರೆಯವರು ಕೇಳಬೇಕಾದರೆ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆಡಿಯೋ ಮಾಡಿ. ಕಳಿಸಲು ಎಂಪಿ3, 192 ಕೆಬಿಪಿಎಸ್. ಮನೆಯಲ್ಲಿ ಇಟ್ಟುಕೊಳ್ಳಲು ವೇವ್. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ.

2021ಕ್ಕಿಂತ ಹಳೆಯ ಆಡಾಸಿಟಿಯಲ್ಲಿ ಮಾಡಿದ ಕೆಲಸ ಇದ್ದರೆ ಹುಷಾರು. ಆಗ ಎಯುಪಿ ಅನ್ನುವ ಸಣ್ಣ ಫೈಲ್ ಬೇರೆ, ಡೇಟಾ ಅಂತ ಕೊನೆಯಾಗುವ ಫೋಲ್ಡರ್ ಬೇರೆ. ಸದ್ದೆಲ್ಲ ಫೋಲ್ಡರ್‌ನಲ್ಲಿ ಇರುತ್ತದೆ. ಬರೀ ಫೈಲ್ ಕಾಪಿ ಮಾಡಿ ಫೋಲ್ಡರ್ ಅಳಿಸಿದರೆ ಕೈಗೆ ಸಿಗುವುದು ಖಾಲಿ ಗೆರೆ.

ರೆಕಾರ್ಡ್ ನಡುವೆ ಕರೆಂಟ್ ಹೋಯಿತು. ಎಲ್ಲಾ ಹೋಯಿತಾ?

ಬಹುತೇಕ ಉಳಿದಿರುತ್ತದೆ. ಆಡಾಸಿಟಿಯನ್ನು ಮತ್ತೆ ತೆರೆಯಿರಿ, ರಿಕವರಿ ಅಂತ ಒಂದು ಕಿಟಕಿ ತಾನಾಗಿ ಬರುತ್ತದೆ. ಗಾಬರಿಯಲ್ಲಿ ಡಿಸ್ಕಾರ್ಡ್ ಒತ್ತಬೇಡಿ.

ಸಿನಿಮಾ ಹಾಡಿನ ಕರಾವೋಕೆ ಮೇಲೆ ಹಾಡಿ ಯೂಟ್ಯೂಬ್‌ಗೆ ಹಾಕಬಹುದಾ?

ಆ ಸಂಗೀತ ಬೇರೆಯವರ ಸ್ವತ್ತು. ಯಾರದ್ದು ಹಾಡು ಅಂತ ತಾನಾಗಿ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ಹಿಡಿದರೆ ದುಡ್ಡು ಅವರಿಗೆ ಹೋಗಬಹುದು, ವಿಡಿಯೋನೇ ಮುಚ್ಚಲೂಬಹುದು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರ ಹಕ್ಕು ಅವರು ತೀರಿಕೊಂಡು 60 ವರ್ಷದವರೆಗೆ ಇರುತ್ತದೆ, ಧ್ವನಿಮುದ್ರಣದ ಹಕ್ಕು ಹೊರಬಂದ ಮೇಲೆ 60 ವರ್ಷ. 12ನೇ ಶತಮಾನದ ವಚನ ಹಾಡಲು ಯಾರನ್ನೂ ಕೇಳಬೇಕಿಲ್ಲ. ಅದಕ್ಕೆ ಈಗಿನವರು ಯಾರೋ ಹಾಕಿದ ರಾಗಸಂಯೋಜನೆ ಬೇಕಾದರೆ ಕೇಳಬೇಕು.

ಆಡಾಸಿಟಿ ಬಿಟ್ಟು ಮುಂದೆ ಯಾವಾಗ ಹೋಗಲಿ?

ತಬಲಾ, ಹಾರ್ಮೋನಿಯಂ, ದನಿ, ಕೋರಸ್ ಅಂತ ಏಳೆಂಟು ಟ್ರ್ಯಾಕ್ ಆಗಿ, ಒಂದೊಂದಕ್ಕೂ ದಿನಾ ಬೇರೆ ಬೇರೆ ಎಫೆಕ್ಟ್ ತಿದ್ದುವ ಕೆಲಸ ಬಂದಾಗ. ಆಗ ರೀಪರ್ ಅನ್ನುವ ಸಾಫ್ಟ್‌ವೇರ್ ನೋಡಿ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ಸಣ್ಣ ಬಳಕೆದಾರರ ಲೈಸೆನ್ಸ್ 60 ಡಾಲರ್. ನಾನು ನಾಲ್ಕು ವರ್ಷ ಆಡಾಸಿಟಿಯಲ್ಲೇ ಇದ್ದೆ. ಈಗಲೂ ಬರೀ ಮಾತಿನ ಕೆಲಸಕ್ಕೆ ಅದನ್ನೇ ತೆರೆಯುತ್ತೇನೆ.

ಮನೆಯ ಹಿರಿಯರ ಪದ ರೆಕಾರ್ಡ್ ಮಾಡಬೇಕು. ಏನು ನೆನಪಿಡಬೇಕು?

ಮೊದಲು ಕೇಳಿ, 'ಇದನ್ನು ಬೇರೆಯವರಿಗೆ ಕೇಳಿಸಲಾ?' ಅಂತ. ಅವರು ಬೇಡ ಅಂದರೆ ಮನೆಯಲ್ಲೇ ಇರಲಿ. ಹೂಂ ಅಂದರೆ ಹಾಕುವಾಗ ಅವರ ಹೆಸರು, ಊರು ಬರೆಯಿರಿ. ಬರೀ 'ಜಾನಪದ ಗೀತೆ' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ಕೂರಿಸಿ, ಮೈಕ್ ಮುಂದಿಟ್ಟು 'ಹಾಡು' ಅಂದರೆ ಯಾರಿಗೂ ಪದ ಬರಲ್ಲ. ದೊಡ್ಡಮ್ಮನೂ 'ಮರೆತೀನಪ್ಪಾ' ಅಂತ ಕೂತಿದ್ದರು. ಬೀಸುಕಲ್ಲು ತಂದು ಮುಂದಿಟ್ಟು ಒಂದು ಹಿಡಿ ಜೋಳ ಹಾಕಿದ ಮೇಲೆ ಕೈ ತಿರುಗಿತು, ಕೈ ಜೊತೆ ಪದ ಬಂತು. ಕಲ್ಲಿನ ಸದ್ದು ದನಿಗಿಂತ ಜೋರು ಆಗುತ್ತಿತ್ತು. ಕಾಲರ್ ಮೈಕನ್ನು ಸೆರಗಿಗೆ, ಗಂಟಲಿನ ಹತ್ತಿರ ಸಿಕ್ಕಿಸಿ, ಕಲ್ಲಿನ ಕೆಳಗೆ ಎರಡು ಗೋಣಿಚೀಲ ಮಡಚಿ ಹಾಕಿದೆ. ಸರಿಹೋಯಿತು. ಕೈಬಳೆ ಸದ್ದು ಹಾಗೇ ಬಿಟ್ಟೆ.

ಬಂದ ಹಾಗೆ ವೇವ್ ಫೈಲನ್ನು ಒಂದು ಕಡೆ ಇಡಿ, ಅದಕ್ಕೆ ಕತ್ತರಿ ಹಾಕಬೇಡಿ. ಕತ್ತರಿಸುವುದು, ತಿದ್ದುವುದು ಎಲ್ಲಾ ಅದರ ಕಾಪಿ ಮೇಲೆ. ಹೆಸರಿನಲ್ಲಿ ತಾರೀಕು, ಊರು, ಪದದ ಮೊದಲ ಸಾಲು ಇರಲಿ. 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಅಂತ ಇಟ್ಟರೆ ಆರು ತಿಂಗಳಿಗೆ ನಿಮಗೇ ತಿಳಿಯಲ್ಲ. ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇರಲಿ.

ರೆಕಾರ್ಡ್ ಬಟನ್ ಬೇಗ ಒತ್ತಿ, ತಡವಾಗಿ ನಿಲ್ಲಿಸಿ. ನಾನು ಎಲ್ಲರಿಗೂ ಹಂಚಿದ ಎಂಪಿ3 ಪದದ ಮೊದಲ ಅಕ್ಷರದಿಂದಲೇ ಶುರುವಾಗುತ್ತದೆ. ಹೋದ ವರ್ಷ ಬೇರೇನೋ ಹುಡುಕುವಾಗ ಮೂಲ ಫೈಲ್ ತೆರೆದೆ. ಪದಕ್ಕೆ ಮುಂಚೆ 40 ಸೆಕೆಂಡ್ ಇದೆ. ಕಲ್ಲು ಒಂದೆರಡು ಸುತ್ತು ತಿರುಗುತ್ತದೆ, ನಿಲ್ಲುತ್ತದೆ. 'ಇದು ನಮ್ಮವ್ವ ಹೇಳಿಕೊಟ್ಟಿದ್ದಲ್ಲ, ಆದವಾನಿ ಕಡೆಯಿಂದ ಸುಗ್ಗಿಗೆ ಬರ್ತಿದ್ದ ಒಬ್ಬಾಕಿ ಹೇಳಿಕೊಟ್ಟಿದ್ದು. ಆಕಿಗೆ ತೆಲುಗು, ನನಗೆ ಕನ್ನಡ' ಅಂತ ದೊಡ್ಡಮ್ಮ ಹೇಳುತ್ತಾರೆ. ಆಮೇಲೆ ಕೆಮ್ಮಿ, ಮತ್ತೆ ಕಲ್ಲು ತಿರುಗಿಸುತ್ತಾರೆ.